ಸಂಪಿನಲ್ಲಿ ಸಿಕ್ಕ ಇ. ಕೋಲಿ ದಾರಿ ಹುಡುಕುವುದು ಹೇಗೆ?

ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಕಟ್ಟಡದ ನೀರಿಗೆ ಒಂಥರಾ ಮುಗ್ಗಲು ವಾಸನೆ ಹತ್ತಿಕೊಂಡಿತ್ತು. ಬೆಂಗಳೂರಿನಲ್ಲಿ ನಮ್ಮದು ಹನ್ನೆರಡು ಮನೆಗಳ ಸಣ್ಣ ಅಪಾರ್ಟ್‌ಮೆಂಟ್. ವಾರಕ್ಕೆರಡು ದಿನ ಕಾವೇರಿ ನೀರು, ಉಳಿದ ದಿನ ಬೋರ್‌ವೆಲ್, ಅದೂ ಕೈಕೊಟ್ಟರೆ ಟ್ಯಾಂಕರ್. ಎಲ್ಲವೂ ಬಂದು ಬೀಳುವುದು ಒಂದೇ ಸಂಪಿಗೆ. ವಾಸನೆ ಹೋಗದಿದ್ದಾಗ ನೀರನ್ನು ಲ್ಯಾಬಿಗೆ ಕೊಡೋಣ ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು.

ಲ್ಯಾಬಿನವರು ಒಂದು ಸ್ಟೆರೈಲ್ ಬಾಟಲಿ ಕೊಟ್ಟರು. ನಲ್ಲಿಯ ಬಾಯನ್ನು ಸ್ಪಿರಿಟ್ ಹಾಕಿ ಒರೆಸಿ, ಎರಡು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯ ಒಳಗೆ ಬೆರಳು ತಾಗದ ಹಾಗೆ ತುಂಬಿಸಬೇಕು. ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ ಇತ್ತು. ಅದು ಸೋಡಿಯಂ ಥಯೋಸಲ್ಫೇಟ್. ನೀರಿನಲ್ಲಿರುವ ಕ್ಲೋರಿನ್ನನ್ನು ಅದು ಸುಮ್ಮನಾಗಿಸುತ್ತದೆ. ಇಲ್ಲದಿದ್ದರೆ ಲ್ಯಾಬಿಗೆ ಹೋಗುವ ದಾರಿಯಲ್ಲೇ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಾ ಹೋಗುತ್ತದೆ, ಕೊಳಕು ನೀರೂ ಚೊಕ್ಕಟ ಅಂತ ರಿಪೋರ್ಟ್ ಬರುತ್ತದೆ. ಬಾಟಲಿಯನ್ನು ಐಸ್ ಡಬ್ಬಿಯಲ್ಲಿಟ್ಟು ಕೊಟ್ಟು ಬಂದೆ. ಎರಡು ದಿನದ ಮೇಲೆ ಉತ್ತರ ಬಂತು: ಇ. ಕೋಲಿ ಇದೆ. ಅದು ಮನುಷ್ಯರ, ಪ್ರಾಣಿಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ 100 ಮಿಲಿ ನೀರಿನಲ್ಲಿ ಅದು ಒಂದೂ ಸಿಗಬಾರದು.

ನೋಟಿಸ್ ಬೋರ್ಡಿಗೆ ರಿಪೋರ್ಟ್ ಅಂಟಿಸುತ್ತಿದ್ದಾಗ ಕೆಳಗಿನ ಮನೆಯ ಅಜ್ಜಿ ಬಂದು ನಿಂತರು. ನಾನು ಓದಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, "ಅಲ್ಲಪ್ಪಾ, ಅದು ನಮ್ಮ ಸಂಪಿಗೇ ಹೆಂಗೆ ದಾರಿ ಹುಡುಕ್ಕೊಂಡು ಬಂತು?" ಅಂದರು.

ಒಳ್ಳೆಯ ಪ್ರಶ್ನೆ. ಅದಕ್ಕೆ ಎರಡು ಉತ್ತರಗಳಿವೆ. ಸಂಪಿನವರೆಗೆ ಅದು ದಾರಿ ಹುಡುಕಿಕೊಂಡು ಬಂದಿಲ್ಲ, ಯಾವುದೋ ಒಡಕು ಪೈಪು ತಂದು ಹಾಕಿದೆ. ಆದರೆ ದಾರಿ ಹುಡುಕುವುದು ಇ. ಕೋಲಿಗೆ ನಿಜವಾಗಿಯೂ ಗೊತ್ತು. ಎಷ್ಟು ಚೆನ್ನಾಗಿ ಗೊತ್ತು ಎಂದರೆ, ಅದರ ಗುಟ್ಟು ಬಿಡಿಸಲು ಭೌತವಿಜ್ಞಾನಿಗಳೂ ಜೀವವಿಜ್ಞಾನಿಗಳೂ ಅರವತ್ತು ವರ್ಷದಿಂದ ಕೂತಿದ್ದಾರೆ. ನೀರು, ಕೆರೆ, ಹೊಟ್ಟೆಯ ಸೋಂಕು ಎಂದು ಬ್ಯಾಕ್ಟೀರಿಯಾದ ಮಾತು ದಿನವೂ ಬರುವ ಈ ಊರಿನಲ್ಲಿ ಅದನ್ನು ತಿಳಿದುಕೊಳ್ಳಲೇಬೇಕು ಅಂತ ನನಗೆ ಅನಿಸುತ್ತದೆ.

ಮೊದಲು ಗಾತ್ರ ನೋಡಿ. ಇ. ಕೋಲಿಯ ಉದ್ದ ಸುಮಾರು 2 ಮೈಕ್ರೋಮೀಟರ್. ಐನೂರನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಮೈಮೇಲೆ ನಾಲ್ಕಾರು ತೆಳ್ಳನೆಯ ಸುರುಳಿ ಎಳೆಗಳು. ಪ್ರತಿ ಎಳೆಯ ಬುಡದಲ್ಲೂ ಒಂದು ಮೋಟಾರು, ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು ತಿರುಗುವ ನಿಜವಾದ ಮೋಟಾರು. ಎಲ್ಲ ಮೋಟಾರುಗಳೂ ಗಡಿಯಾರದ ಎದುರು ದಿಕ್ಕಿಗೆ ತಿರುಗಿದರೆ ಎಳೆಗಳು ಜಡೆ ಹೆಣೆದಂತೆ ಒಂದಾಗುತ್ತವೆ, ಜೀವಿ ನೇರ ಓಡುತ್ತದೆ. ಒಂದೆರಡು ಮೋಟಾರು ತಿರುಗುಮುರುಗಾದರೂ ಜಡೆ ಬಿಚ್ಚಿಕೊಂಡು ಜೀವಿ ಇದ್ದಲ್ಲೇ ಹೊರಳಾಡುತ್ತದೆ. ಓಟ ಸುಮಾರು ಒಂದು ಸೆಕೆಂಡು, ಹೊರಳಾಟ ಅದರ ಹತ್ತನೇ ಒಂದು ಪಾಲು. ಆಮೇಲೆ ಯಾವುದೋ ಹೊಸ ದಿಕ್ಕಿಗೆ ಮತ್ತೆ ಓಟ. ಸೆಕೆಂಡಿಗೆ 20-30 ಮೈಕ್ರೋಮೀಟರ್ ವೇಗದಲ್ಲಿ ಒಂದು ಗಂಟೆ ಎಲ್ಲೂ ತಿರುಗದೆ ಈಜಿದರೂ ಅರ್ಧ ಗೇಣು ದಾಟುವುದಿಲ್ಲ. ಅಜ್ಜಿಯ ಪ್ರಶ್ನೆಯ ಮೊದಲ ಉತ್ತರ ಇಲ್ಲೇ ಸಿಕ್ಕಿತು.

ಅಷ್ಟು ಚಿಕ್ಕ ಮೈಗೆ ನೀರು ನಮಗೆ ಜೇನುತುಪ್ಪ ಇದ್ದ ಹಾಗೆ. ಮೋಟಾರು ನಿಂತರೆ ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ಜಾರುವುದಿಲ್ಲ, ಅಲ್ಲೇ ನಿಲ್ಲುತ್ತದೆ. ನೇರ ಹೋಗುವುದೂ ಅದರ ಕೈಯಲ್ಲಿಲ್ಲ. ಸುತ್ತಲಿನ ನೀರಿನ ಅಣುಗಳು ತಳ್ಳಿ ತಳ್ಳಿ ಹತ್ತು ಸೆಕೆಂಡಿನೊಳಗೆ ದಿಕ್ಕು ತಪ್ಪಿಸಿಬಿಡುತ್ತವೆ. ಇಂಥ ಸ್ಥಿತಿಯಲ್ಲಿ ಸಿಹಿ ಯಾವ ಕಡೆ ಇದೆ ಅಂತ ಅದು ತಿಳಿಯುವುದು ಹೇಗೆ?

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಕಣ್ಣು ಮುಚ್ಚಿ ನಡೆಯುತ್ತಿದ್ದೀರಿ ಅಂದುಕೊಳ್ಳಿ. ಎಲ್ಲಿಂದಲೋ ಹೂವಿನ ಘಮ ಬರುತ್ತಿದೆ. ಅದು ಯಾವ ದಿಕ್ಕು ಎಂದು ಮೂಗಿಗೆ ತಟ್ಟನೆ ಹೇಳಲು ಬರುವುದಿಲ್ಲ. ನಾಲ್ಕು ಹೆಜ್ಜೆ ಇಡುತ್ತೀರಿ, ಘಮ ಜಾಸ್ತಿಯಾದರೆ ಅದೇ ದಾರಿ ಹಿಡಿಯುತ್ತೀರಿ, ಕಡಿಮೆಯಾದರೆ ತಿರುಗುತ್ತೀರಿ. ಇ. ಕೋಲಿ ಮಾಡುವುದೂ ಅದನ್ನೇ. ಅದು ತನ್ನ ಈ ತುದಿಯನ್ನೂ ಆ ತುದಿಯನ್ನೂ ಹೋಲಿಸುವುದಿಲ್ಲ, ಈಗಿನದನ್ನು ಆಗಿನದರ ಜೊತೆ ಹೋಲಿಸುತ್ತದೆ ಎಂದು 1972ರಲ್ಲಿ, ಅದರ ಹತ್ತಿರದ ನೆಂಟ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಲ್ಲಿ, ರಾಬರ್ಟ್ ಮ್ಯಾಕ್ನಾಬ್ ಮತ್ತು ಡೇನಿಯಲ್ ಕಾಶ್‌ಲ್ಯಾಂಡ್ ತೋರಿಸಿದರು. ಬ್ಯಾಕ್ಟೀರಿಯಾ ಇದ್ದ ನೀರಿಗೆ ಇದ್ದಕ್ಕಿದ್ದಂತೆ ಇಷ್ಟದ ತಿನಿಸು ಬೆರೆಸಿದರು. ಈಗ ಎಲ್ಲ ಕಡೆ ಒಂದೇ ಸಮ, ಹತ್ತಲು ಏರು ಅಂತ ಎಲ್ಲೂ ಇಲ್ಲ. ಆದರೂ ಬ್ಯಾಕ್ಟೀರಿಯಾಗಳು ಸರಿಯಾದ ದಾರಿ ಸಿಕ್ಕಿತೆಂಬಂತೆ ಹೊರಳಾಟ ಬಿಟ್ಟು ಓಡತೊಡಗಿದವು. ಅಂದರೆ ಅವುಗಳಿಗೆ ನೆನಪಿದೆ. ಆಮೇಲಿನ ಅಳತೆಗಳು ಆ ನೆನಪಿನ ಉದ್ದವನ್ನೂ ಹೇಳಿದವು: ಈಚಿನ ಒಂದು ಸೆಕೆಂಡನ್ನು ಅದಕ್ಕೂ ಹಿಂದಿನ ಮೂರು ಸೆಕೆಂಡಿನ ಜೊತೆ ತೂಗಿ ನೋಡುತ್ತದೆ.

ಇನ್ನು ಮೂಗಿನ ವಿಷಯ. ಬ್ಯಾಕ್ಟೀರಿಯಾ ತಿನಿಸನ್ನು ತಿಂದು ರುಚಿ ನೋಡುವುದಿಲ್ಲ, ಅದನ್ನು ಗುರುತಿಸಲು ಬೇರೆಯೇ ಪ್ರೊಟೀನುಗಳಿವೆ ಎಂದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೂಲಿಯಸ್ ಆಡ್ಲರ್ 1969ರಲ್ಲೇ ತೋರಿಸಿಕೊಟ್ಟಿದ್ದರು. ಪಠ್ಯಪುಸ್ತಕದಲ್ಲಿ ಇವನ್ನು ಗ್ರಾಹಕಗಳು ಅನ್ನುತ್ತಾರೆ. ಆ ಪದ ಕೇಳಿದರೆ ಅಂಗಡಿ ನೆನಪಾಗುತ್ತದೆ, ಹಾಗಾಗಿ ನಾನು ರಿಸೆಪ್ಟರ್ ಎಂದೇ ಬರೆಯುತ್ತೇನೆ. ಇ. ಕೋಲಿಯಲ್ಲಿ ಐದು ಬಗೆಯ ರಿಸೆಪ್ಟರುಗಳಿವೆ. ಒಂದು ಸೆರಿನ್ ಎಂಬ ಅಮೈನೋ ಆಮ್ಲವನ್ನು, ಇನ್ನೊಂದು ಆಸ್ಪಾರ್ಟೇಟನ್ನು ಹಿಡಿಯುತ್ತದೆ. ಒಂದು ಕೆಲವು ಸಕ್ಕರೆಗಳಿಗೆ, ಒಂದು ಪ್ರೊಟೀನಿನ ಚೂರುಗಳಿಗೆ, ಮತ್ತೊಂದು ಆಮ್ಲಜನಕಕ್ಕೆ. ಎಲ್ಲ ಸೇರಿ ಒಂದು ಜೀವಿಯಲ್ಲಿ ಸಾವಿರಗಟ್ಟಲೆ ರಿಸೆಪ್ಟರುಗಳು.

ಈ ಸಾವಿರಗಳನ್ನು ಮೈಮೇಲೆ ಎಲ್ಲಿ ಇಟ್ಟರೆ ಒಳ್ಳೆಯದು? 1977ರಲ್ಲಿ ಹೊವರ್ಡ್ ಬರ್ಗ್ ಮತ್ತು ಎಡ್ವರ್ಡ್ ಪರ್ಸೆಲ್ ಲೆಕ್ಕ ಹಾಕಿದರು. ಪರ್ಸೆಲ್ 1952ರ ನೊಬೆಲ್ ಪಡೆದ ಭೌತವಿಜ್ಞಾನಿ. ಬರ್ಗ್ ಕೂಡ ಭೌತವಿಜ್ಞಾನದಿಂದಲೇ ಬಂದವರು, ಈಜುವ ಬ್ಯಾಕ್ಟೀರಿಯಾದ ಬೆನ್ನು ಹತ್ತುವ ಸೂಕ್ಷ್ಮದರ್ಶಕ ಕಟ್ಟಿದವರು. ಅವರ ಲೆಕ್ಕದ ಪ್ರಕಾರ ರಿಸೆಪ್ಟರುಗಳನ್ನು ಮೈತುಂಬ ಚದುರಿಸಿ ಇಡುವುದೇ ಲಾಭ. ಹಾಗೆ ಚದುರಿಸಿದರೆ ಮೈಯ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಜಾಗ ಕೊಟ್ಟರೂ ಸಾಕು, ಇಡೀ ಮೈಗೇ ರಿಸೆಪ್ಟರ್ ಹೊದಿಸಿದ್ದರೆ ಎಷ್ಟು ಅಣು ಸಿಗುತ್ತಿತ್ತೋ ಅದರಲ್ಲಿ ಅರ್ಧದಷ್ಟು ಸಿಗುತ್ತದೆ. ಒಂದೇ ಕಡೆ ಗುಡ್ಡೆ ಹಾಕಿದರೆ ಅಕ್ಕಪಕ್ಕದವು ಒಂದೇ ಅಣುವಿಗೆ ಕಾದು ಕೂರುತ್ತವೆ. ಲೆಕ್ಕ ಸರಿಯಾಗಿತ್ತು, ಈಗಲೂ ಸರಿಯಾಗಿಯೇ ಇದೆ.

ಆದರೆ 1993ರಲ್ಲಿ ಜನೈನ್ ಮ್ಯಾಡಕ್ ಮತ್ತು ಲೂಸಿ ಶಪಿರೋ ನಿಜವಾದ ಇ. ಕೋಲಿಯಲ್ಲಿ ರಿಸೆಪ್ಟರುಗಳು ಎಲ್ಲಿವೆ ಅಂತ ನೋಡಿದಾಗ ಅವು ಚದುರಿರಲಿಲ್ಲ. ಬಹುಪಾಲು ಜೀವಿಯ ತುದಿಯಲ್ಲಿ ಒತ್ತೊತ್ತಾಗಿ ಗುಂಪು ಕಟ್ಟಿದ್ದವು. ಅಣು ಹಿಡಿಯುವ ಕೆಲಸಕ್ಕೆ ನಷ್ಟದ ಜಾಗವೆಂದು ಲೆಕ್ಕ ಹೇಳಿದ್ದಲ್ಲೇ ಬ್ಯಾಕ್ಟೀರಿಯಾ ತನ್ನ ಮೂಗನ್ನು ಇಟ್ಟುಕೊಂಡಿದೆ. ಆ ನಷ್ಟವನ್ನು ತುಂಬಿಕೊಡುವ ಲಾಭ ಬೇರೆ ಏನೋ ಇರಬೇಕು, ಅಲ್ವಾ? ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಚೆಂದದ ಜಾಗ ಇದು.

ಆ ಗುಂಪಿನ ರಚನೆಯನ್ನು ಹತ್ತಿರದಿಂದ ನೋಡೋಣ. ಜೀವಕೋಶವನ್ನು ಕ್ಷಣದಲ್ಲಿ ಹೆಪ್ಪುಗಟ್ಟಿಸಿ, ಓರೆ ಓರೆಯಾಗಿ ತಿರುಗಿಸುತ್ತಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಜೋಡಿಸುವ ವಿಧಾನವೊಂದಿದೆ. ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಮ್ಮ ಊರಿನ ಜಿಕೆವಿಕೆ ಆವರಣದ ಸಂಶೋಧನಾ ಸಂಸ್ಥೆಗಳಲ್ಲೂ ಇದೆ. ಇಂಥ ಚಿತ್ರಗಳಲ್ಲಿ ರಿಸೆಪ್ಟರುಗಳು ಕಾಣುವುದು ಜೇನುಹಟ್ಟಿಯ ಹಾಗೆ, ಆರು ಮೂಲೆಯ ಮನೆಗಳ ಸಾಲು ಸಾಲು. ಎರಡು ರಿಸೆಪ್ಟರ್ ಸೇರಿ ಒಂದು ಜೋಡಿ. ಅಂಥ ಮೂರು ಜೋಡಿಗಳು ಬುಡದಲ್ಲಿ ಒಂದಕ್ಕೊಂದು ಒರಗಿ ಒಂದು ಕಟ್ಟು. ಆರು ಮೂಲೆಗೆ ಆರು ಕಟ್ಟು. ಮನೆಯ ನಡುವಿನಿಂದ ಪಕ್ಕದ ಮನೆಯ ನಡುವಿಗೆ 12 ನ್ಯಾನೋಮೀಟರ್. ಬೇರೆ ಬೇರೆ ಬಗೆಯ ಹಲವು ಬ್ಯಾಕ್ಟೀರಿಯಾಗಳಲ್ಲಿ ನೋಡಿದರೂ ಇದೇ ಜೇನುಹಟ್ಟಿ, ಇದೇ ಅಳತೆ. ಕಟ್ಟುಗಳ ತಳದಲ್ಲಿ ಅವನ್ನು ಹೆಣೆದು ಹಿಡಿದಿರುವ ಎರಡು ಪ್ರೊಟೀನುಗಳಿವೆ. ಅದರಲ್ಲಿ ಒಂದರ ಹೆಸರು ಕೀ-ಎ. ಸುದ್ದಿ ಹೊರಡುವುದು ಅಲ್ಲಿಂದ.

ತಿನಿಸಿನ ಅಣು ಬಂದು ರಿಸೆಪ್ಟರಿನ ಹೊರತುದಿಗೆ ಕೂತಾಗ ಆಗುವ ಅಲುಗಾಟ ಒಂದು ನ್ಯಾನೋಮೀಟರಿನ ಐದನೇ ಒಂದು ಪಾಲೂ ಇಲ್ಲ. ಒಳಗಿನ ಒಂದು ಸುರುಳಿ ಪಿಸ್ಟನ್ನಿನಂತೆ ತುಸು ಕೆಳಗೆ ಜಾರುತ್ತದೆ, ಅಷ್ಟೇ. ಅಷ್ಟರಿಂದ ಕೀ-ಎ ಕೆಲಸ ನಿಲ್ಲಿಸುತ್ತದೆ. ಅದು ಕೆಲಸ ಮಾಡುತ್ತಿದ್ದಾಗ ಕೀ-ವೈ ಎಂಬ ಇನ್ನೊಂದು ಚಿಕ್ಕ ಪ್ರೊಟೀನಿಗೆ ಫಾಸ್ಫೇಟ್ ಹಚ್ಚಿ ಕಳಿಸುತ್ತಿರುತ್ತದೆ. ಕೀ-ವೈ ತೇಲಿಕೊಂಡು ಹೋಗಿ ಮೋಟಾರಿಗೆ ಅಂಟಿ "ಹೊರಳು" ಅನ್ನುತ್ತದೆ. ಕೀ-ಎ ಸುಮ್ಮನಾದರೆ ಆ ಸುದ್ದಿ ನಿಲ್ಲುತ್ತದೆ, ಓಟ ಮುಂದುವರಿಯುತ್ತದೆ.

ಈಗ ಗುಂಪಿನ ಲಾಭಕ್ಕೆ ಬರೋಣ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಸಂಜೆ ಆರೂವರೆಗೆ ನಿಂತು ನೋಡಿ. ಎಲ್ಲರೂ ಬಸ್ಸಿಗೆ ಕಾಯುತ್ತಿದ್ದಾರೆ. ದೂರದಲ್ಲಿ ಬರುತ್ತಿರುವ ಬಸ್ಸಿನ ಬೋರ್ಡು ಒಬ್ಬರಿಗೆ ಕಾಣುತ್ತದೆ, ಅವರು ಕೆಳಗಿಟ್ಟ ಬ್ಯಾಗನ್ನು ಎತ್ತಿಕೊಳ್ಳುತ್ತಾರೆ. ಪಕ್ಕದವರು ಬಸ್ಸನ್ನು ನೋಡಿಲ್ಲ, ಆದರೂ ಬ್ಯಾಗ್ ಎತ್ತುತ್ತಾರೆ. ಅವರ ಪಕ್ಕದವರೂ ಎತ್ತುತ್ತಾರೆ. ಒಬ್ಬರ ಕಣ್ಣಿಗೆ ಬಿದ್ದದ್ದು ಹದಿನೈದು ಇಪ್ಪತ್ತು ಜನರನ್ನು ಎಬ್ಬಿಸುತ್ತದೆ. ಅವರೇ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಹತ್ತತ್ತು ಮಾರು ದೂರ ನಿಂತಿದ್ದರೆ ಹೀಗಾಗುತ್ತಿರಲಿಲ್ಲ. ರಿಸೆಪ್ಟರುಗಳ ಹಟ್ಟಿಯಲ್ಲಿಯೂ ನೆರೆಯವರ ಭಂಗಿ ನೆರೆಯವರನ್ನು ಎಳೆಯುತ್ತದೆ. ಗುಂಪು ಕಟ್ಟುವುದರಿಂದ ಸೂಕ್ಷ್ಮತೆ ಹೆಚ್ಚಬಹುದು ಎಂದು ಡೆನ್ನಿಸ್ ಬ್ರೇ ಮತ್ತು ಜೊತೆಗಾರರು 1998ರಲ್ಲಿ ವಾದಿಸಿದರು. ವಿಕ್ಟರ್ ಸೋರ್ಜಿಕ್ ಮತ್ತು ಬರ್ಗ್ 2002ರಲ್ಲಿ ಬದುಕಿರುವ ಕೋಶಗಳಲ್ಲೇ ಅಳೆದರು. ರಿಸೆಪ್ಟರುಗಳ ಮೇಲೆ ಕೂತ ಅಣುಗಳ ಪ್ರಮಾಣದಲ್ಲಿ ಆದ ಬದಲಾವಣೆಗಿಂತ ಕೀ-ಎ ಕೆಲಸದಲ್ಲಿ ಆದ ಬದಲಾವಣೆ ಸುಮಾರು 35 ಪಟ್ಟು ದೊಡ್ಡದಿತ್ತು. ಹತ್ತಿಪ್ಪತ್ತು ರಿಸೆಪ್ಟರುಗಳು ಒಂದು ತಂಡವಾಗಿ ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಕೂರುತ್ತವೆ ಎಂದುಕೊಂಡರೆ ಅಳತೆಗಳು ಚೆನ್ನಾಗಿ ಹೊಂದುತ್ತವೆ.

ಇದರಿಂದ ಇನ್ನೊಂದು ಲಾಭವೂ ಇದೆ, ಅದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಸೆರಿನ್ ಮತ್ತು ಆಸ್ಪಾರ್ಟೇಟ್ ರಿಸೆಪ್ಟರುಗಳೇ ಇ. ಕೋಲಿಯಲ್ಲಿ ಬಹುಸಂಖ್ಯೆಯಲ್ಲಿವೆ. ಸಕ್ಕರೆಯದು, ಆಮ್ಲಜನಕದ್ದು ತೀರಾ ಕಡಿಮೆ. ಒಂಟಿಯಾಗಿದ್ದರೆ ಅವುಗಳ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಆದರೆ ಅವು ಬಹುಸಂಖ್ಯಾತರ ನಡುವೆಯೇ ಸೇರಿಕೊಂಡಿವೆ. ಹಾಗಾಗಿ ಅವುಗಳ ಅಲುಗಾಟಕ್ಕೆ ನೆರೆಯವರ ದನಿ ಸೇರುತ್ತದೆ.

ಸೂಕ್ಷ್ಮವಾಗಿದ್ದರೆ ಸಾಲದು, ಮರೆಯುವುದೂ ಬರಬೇಕು. ರಾಜಕಾಲುವೆಯ ಪಕ್ಕದ ಮನೆಗೆ ನೆಂಟರು ಬಂದರೆ ಮೂಗು ಮುಚ್ಚಿಕೊಳ್ಳುತ್ತಾರೆ. ಮನೆಯವರಿಗೆ ವಾಸನೆ ಗೊತ್ತೇ ಆಗುವುದಿಲ್ಲ. ಆದರೆ ಮಳೆ ಬಂದು ಕಾಲುವೆ ಕದಡಿದ ದಿನ ಅವರಿಗೂ ಗೊತ್ತಾಗುತ್ತದೆ. ಬ್ಯಾಕ್ಟೀರಿಯಾ ಇದನ್ನು ರಿಸೆಪ್ಟರುಗಳ ಮೇಲೆ ಮೀಥೈಲ್ ಎಂಬ ಚಿಕ್ಕ ಗುಂಪುಗಳನ್ನು ಹಚ್ಚಿ, ತೆಗೆದು ಮಾಡುತ್ತದೆ. ಹಚ್ಚಲು ಒಂದು ಕಿಣ್ವ, ತೆಗೆಯಲು ಇನ್ನೊಂದು. ಸುತ್ತ ತಿನಿಸು ಜಾಸ್ತಿಯಾಗಿ ಹಾಗೇ ಉಳಿದರೆ, ಸ್ವಲ್ಪ ಹೊತ್ತಿನಲ್ಲಿ ಹೆಚ್ಚು ಮೀಥೈಲ್ ಸೇರಿ, ಕೀ-ಎ ಮತ್ತೆ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೇ ಬರುತ್ತದೆ. ನಾಲ್ಕು ಸೆಕೆಂಡಿನ ಆ ನೆನಪು ಇರುವುದೂ ಇದರಲ್ಲೇ. ಈ ಹೊಂದಾಣಿಕೆಯಿಂದಾಗಿ ಸಾಂದ್ರತೆ ಸಾವಿರಾರು ಪಟ್ಟು ಬದಲಾದರೂ ಸಣ್ಣ ಏರುಪೇರು ಅದಕ್ಕೆ ತಿಳಿಯುತ್ತದೆ.

ಗುಂಪಿಗೆ ಬೆಲೆಯೂ ಇದೆ. ಮೆಜೆಸ್ಟಿಕ್‌ನಲ್ಲಿ ಒಬ್ಬರು ಸುಮ್ನೆ ಭುಜ ನೋಯುತ್ತದೆಂದು ಬ್ಯಾಗ್ ಎತ್ತಿದರೂ ಪಕ್ಕದವರು ಏಳುತ್ತಾರಲ್ಲ. ದೊಡ್ಡ ತಂಡ ಸುದ್ದಿಯ ಜೊತೆಗೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. 2017ರಲ್ಲಿ ಒಂಟಿ ಕೋಶಗಳನ್ನು ಅಳೆದಾಗ ಇದು ಕಣ್ಣಿಗೇ ಕಂಡಿತು: ಹೊರಗೆ ಏನೂ ಬದಲಾಗದಿದ್ದರೂ ಕೋಶದೊಳಗಿನ ಸುದ್ದಿ ತಾನಾಗಿಯೇ ಏರಿಳಿಯುತ್ತಿತ್ತು. ಇದು ಬರೀ ನಷ್ಟವೋ, ತಿನಿಸಿಲ್ಲದ ಕಡೆ ದೂರ ಅಲೆಯಲು ನೆರವಾಗುತ್ತದೋ ಎಂಬ ಚರ್ಚೆ ಈಗ ಜೋರಾಗಿದೆ. ನೆರವಾಗುತ್ತದೆ ಎನ್ನುವವರ ಮಾತೇ ನನಗೆ ಹಿಡಿಸುತ್ತದೆ, ಯಾಕೆಂದರೆ ಈ ಜೀವಿಯ ಓಟಕ್ಕೆ ದಿಕ್ಕಿನ ಅರಿವೇ ಇಲ್ಲ. ಎಡವಿ ಎಡವಿ ಹುಡುಕುವವರಿಗೆ ಓಟದ ಉದ್ದ ಆಗಾಗ ಬದಲಾದರೆ ಅನುಕೂಲ.

ಇಷ್ಟು ತಿಳಿದರೆ ನಮ್ಮ ಊರಿನ ಕೆಲವು ಮಾತುಗಳು ಬೇರೆ ಥರ ಕೇಳಿಸುತ್ತವೆ. ಕೆರೆ ಶುದ್ಧ ಮಾಡಲು ಬ್ಯಾಕ್ಟೀರಿಯಾ ದ್ರಾವಣ ಸುರಿಯುವ ಪ್ರಯತ್ನಗಳು ಆಗಾಗ ನಡೆಯುತ್ತವೆ. ಕೊಳಕನ್ನು ಹುಡುಕಿ ತಿನ್ನುವ ಬ್ಯಾಕ್ಟೀರಿಯಾಗಳು ಇರುವುದು ನಿಜ. ಬೀರುವಿನಲ್ಲಿಡುವ ಗುಳಿಗೆಯ ನ್ಯಾಫ್ತಲೀನನ್ನೇ ಅರಸಿಕೊಂಡು ಹೋಗಿ ತಿನ್ನುವ ಸ್ಯೂಡೋಮೊನಾಸ್ ತಳಿಯೊಂದಿದೆ, ಅದಕ್ಕೆಂದೇ ಅದಕ್ಕೊಂದು ರಿಸೆಪ್ಟರ್ ಇದೆ. ಆದರೆ ಹುಡುಕಬೇಕಾದರೆ ಏರು ಇರಬೇಕು, ಇಲ್ಲಿ ಕಡಿಮೆ ಅಲ್ಲಿ ಜಾಸ್ತಿ ಅನ್ನುವುದು ಇರಬೇಕು. ದಿನವೂ ಚರಂಡಿ ನೀರು ಬಂದು ಬೀಳುವ ಕೆರೆಯಲ್ಲಿ ಎಲ್ಲೆಲ್ಲೂ ತಿನಿಸೇ. ಆಮ್ಲಜನಕ ಮಾತ್ರ ಇಲ್ಲ. 2017ರ ಫೆಬ್ರವರಿಯಲ್ಲಿ ಬೆಂಕಿ ಹೊತ್ತಿಕೊಂಡ ಬೆಳ್ಳಂದೂರು ಕೆರೆಯಲ್ಲಿ ಬ್ಯಾಕ್ಟೀರಿಯಾಗಳ ಕೊರತೆ ಇರಲಿಲ್ಲ. ಬರುವ ಕೊಳಕನ್ನು ತಡೆಯದೆ ಮೇಲಿನಿಂದ ಡ್ರಮ್ಮುಗಟ್ಟಲೆ ಸುರಿದರೆ ಹುಡುಕುವ ಜಾಣ್ಮೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂದು ನನಗೆ ಖಚಿತವಾಗಿ ಅನಿಸುತ್ತದೆ. ದುಡ್ಡು ಮೊದಲು ಹೋಗಬೇಕಾದ್ದು ಚರಂಡಿ ಶುದ್ಧೀಕರಣಕ್ಕೆ.

ರೋಗದ ವಿಷಯದಲ್ಲಿ ಮಾತ್ರ ಅವಸರದ ತೀರ್ಮಾನ ಬೇಡ. ಹೊಟ್ಟೆಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಜಠರದ ಆಮ್ಲದಿಂದ ತಪ್ಪಿಸಿಕೊಂಡು ಒಳಗೋಡೆಯ ಲೋಳೆ ಸೇರುವುದು ಈ ಮೂಗಿನ ಬಲದಿಂದಲೇ. ನಮ್ಮ ಗೋಡೆಯಿಂದ ಜಿನುಗುವ ಯೂರಿಯಾದ ಜಾಡು ಹಿಡಿದು ಅದು ಹೋಗುತ್ತದೆ. ಹಾಗಾದರೆ ಮೂಗು ಮುಚ್ಚುವ ಔಷಧ ಮಾಡಿದರೆ ಆಯಿತಲ್ಲ, ಆಂಟಿಬಯಾಟಿಕ್ ಕೆಲಸ ಮಾಡದ ಈ ಕಾಲಕ್ಕೆ ಅದೇ ದಾರಿ ಅಂತ ಅನಿಸಬಹುದು. ಆದರೆ ಕಾಲರಾ ಬ್ಯಾಕ್ಟೀರಿಯಾದಲ್ಲಿ ಮೂಗು ಕೆಡಿಸಿದ ಕೆಲವು ತಳಿಗಳು ಇಲಿಮರಿಗಳಲ್ಲಿ ಇನ್ನೂ ಸುಲಭವಾಗಿ ಸೋಂಕು ಹಚ್ಚಿವೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಗೊಬ್ಬರವಾಗಬಹುದು.

ನನಗೆ ಹೆಚ್ಚು ಭರವಸೆ ಇರುವುದು ಪರೀಕ್ಷೆಯಲ್ಲಿ. ಇ. ಕೋಲಿ ತನ್ನ ಸುತ್ತಲ ನೀರಿನ ಬದಲಾವಣೆಯನ್ನು ಸೆಕೆಂಡಿನೊಳಗೆ ಅರಿಯುತ್ತದೆ. ಇ. ಕೋಲಿ ಇದೆಯೇ ಎಂದು ಅರಿಯಲು ನಮಗೆ ಒಂದೆರಡು ದಿನ ಬೇಕು, ಯಾಕೆಂದರೆ ಅದನ್ನು ಬೆಳೆಸಿಯೇ ನೋಡಬೇಕು. ಆ ನಡುವೆ ಇಡೀ ಕಟ್ಟಡ ಅದೇ ನೀರು ಕುಡಿದಿರುತ್ತದೆ. ಬೇರೆ ಬ್ಯಾಕ್ಟೀರಿಯಾದ ರಿಸೆಪ್ಟರಿನ ಹೊರತುದಿಯನ್ನು ಇ. ಕೋಲಿಯ ರಿಸೆಪ್ಟರಿನ ಒಳತುದಿಗೆ ಕಸಿ ಮಾಡಿ, ಹೊಸ ರಾಸಾಯನಿಕಗಳನ್ನು ಗುರುತಿಸುವ ಮೂಗು ಕಟ್ಟಲು ಸಂಶೋಧಕರಿಗೆ ಈಗಾಗಲೇ ಬರುತ್ತದೆ. ಕಸಿ ಮಾಡಿದ ರಿಸೆಪ್ಟರೂ ಅದೇ ಜೇನುಹಟ್ಟಿಯಲ್ಲಿ ಸೇರಿಕೊಂಡು ಅದೇ ನೆರೆಯವರ ಬಲ ಪಡೆಯುತ್ತದೆ. ಟ್ಯಾಂಕರ್ ನೀರು ಸಂಪಿಗೆ ಬೀಳುವ ಮೊದಲೇ ಇಂಥದ್ದೊಂದು ಅದರಲ್ಲಿರುವ ವಿಷವನ್ನು ಹೇಳಿಬಿಟ್ಟರೆ ಎಷ್ಟು ಜನಕ್ಕೆ ಉಪಕಾರ!

ಇಷ್ಟನ್ನೂ ಅಜ್ಜಿಗೆ ಒಂದೇ ಸಲ ಹೇಳಲಿಲ್ಲ. ಆ ವಾರ ಪ್ಲಂಬರ್ ಬಂದು ಸಂಪಿನ ಪಕ್ಕದ ಒಳಚರಂಡಿ ಚೇಂಬರಿನ ಕಲ್ಲು ಎತ್ತಿಸಿದಾಗ ಅಜ್ಜಿ ಟಾರ್ಚ್ ಹಿಡಿದು ನಿಂತಿದ್ದರು. ಚೇಂಬರಿಗೂ ಸಂಪಿಗೂ ನಡುವೆ ಒಂದೂವರೆ ಅಡಿ ಮಣ್ಣು. ಪೈಪಿನ ಜಾಯಿಂಟ್ ಬಿಟ್ಟುಕೊಂಡಿತ್ತು, ಸಂಪಿನ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು. "ಒಂದೂವರೆ ಅಡಿ ಈಜೋಕೆ ಅದಕ್ಕೆ ಎಷ್ಟೊತ್ತು ಬೇಕು?" ಅಂತ ಕೇಳಿದರು. ಈಜಿದರೆ ನಾಲ್ಕು ಗಂಟೆಗೂ ಜಾಸ್ತಿ, ಅದೂ ಎಲ್ಲೂ ಹೊರಳದೆ ಹೋದರೆ, ಆದರೆ ಇದು ಈಜಿ ಬಂದಿಲ್ಲ ಅಜ್ಜಿ, ಚರಂಡಿ ನೀರಿನ ಜೊತೆ ಜಿನುಗಿ ಬಂದಿದೆ ಅಂದೆ. ಜಾಯಿಂಟ್ ಹಾಕಿಸಿ, ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಸಂಪು ಬರಿದು ಮಾಡಿ ಬ್ಲೀಚಿಂಗ್ ಪೌಡರಿನಲ್ಲಿ ತೊಳೆಸಿದೆವು. ಎರಡನೇ ಬಾಟಲಿ ತುಂಬಿಸಿ ಕೊಟ್ಟು ಮತ್ತೆ ಎರಡು ದಿನ ಕಾದೆವು. ಈ ಸಲ ಇ. ಕೋಲಿ ಸಿಗಲಿಲ್ಲ. ಅಜ್ಜಿ ಮಾತ್ರ ಈಗಲೂ ನೀರು ಕುದಿಸಿಯೇ ಕುಡಿಯುತ್ತಾರೆ.